ಕೂತಲ್ಲೇ ಎಣಿಸಿದ ಮನೆಗಳು

ಯಾದಗಿರಿಯ ಒಂದು ಕಾಲೇಜಿನಲ್ಲಿ ನಾನು ಭೂಗೋಳ ಕಲಿಸುತ್ತೇನೆ. ಮನೆ ಇರುವುದು ಶಹಾಪುರದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಈಗ ಬರೆಯುತ್ತಿರುವ ಸಂಗತಿ ನಡೆದು ಬಹಳ ವರ್ಷಗಳೇನೂ ಆಗಿಲ್ಲ. ಮನೆಯವರ ಮುಂದೆಯೂ ಇದನ್ನು ಪೂರ್ತಿ ಹೇಳಿಲ್ಲ. ಅರ್ಧ ಹೇಳಿದ್ದೇನೆ, ನನಗೆ ಅನುಕೂಲವಾದ ಅರ್ಧ.

ಆಗ ನಮ್ಮ ವಿಭಾಗದಲ್ಲಿ ಇದ್ದವರು ಇಬ್ಬರೇ. ನಾನು ಕಾಯಂ. ಇನ್ನೊಬ್ಬರು ಅತಿಥಿ ಉಪನ್ಯಾಸಕರು, ಅಂದರೆ ಪ್ರತಿ ವರ್ಷ ರಜೆ ಮುಗಿಯುವಾಗ ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಫೋನಿನ ದಾರಿ ಕಾಯಬೇಕಾದವರು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು, ಸುರಪುರದವರು. ಆದರೂ ನಾನು ಸರ್ ಎಂದೇ ಕರೆಯುತ್ತಿದ್ದೆ. ಸುರಪುರದ ಬಸ್ಸು ಶಹಾಪುರದ ಮೇಲೆ ಹಾದೇ ಯಾದಗಿರಿಗೆ ಬರುತ್ತದೆ. ಅದು ನಮ್ಮೂರು ಮುಟ್ಟುವ ಹೊತ್ತಿಗೆ ಒಂಟಿಕಾಲಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಅವರು ಸುರಪುರದಲ್ಲೇ ಪಕ್ಕದ ಸೀಟಿನ ಮೇಲೆ ತಮ್ಮ ಚೀಲ ಇಟ್ಟು, ಕೇಳಿದವರಿಗೆಲ್ಲ "ನಮ್ಮ ಮೇಡಂ ಬರೋರದಾರ್ರಿ" ಎಂದು ಹೇಳಿಕೊಳ್ಳುತ್ತಾ ಬರುತ್ತಿದ್ದರು. ಬೈಗುಳವನ್ನೂ ತಿಂದಿರಬೇಕು. ನಾನು ಹತ್ತಿ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡು, ಅದು ನನಗೆ ಸಲ್ಲಬೇಕಾದದ್ದೇ ಎನ್ನುವಂತೆ ಕಿಟಕಿಯ ಆಚೆ ನೋಡುತ್ತಿದ್ದೆ.

ಒಂದು ವರ್ಷ, ಪರೀಕ್ಷೆಗಳು ಮುಗಿಯುವ ಹೊತ್ತಿಗೆ, ನಮ್ಮ ಆಡಳಿತ ಮಂಡಳಿಯವರಿಗೆ ಒಂದು ಹೆಣ್ಣುಮಕ್ಕಳ ಕಾಲೇಜು ತೆರೆಯುವ ಮನಸ್ಸಾಯಿತು. ಊರೊಳಗೆ ಜಾಗ ಎಲ್ಲಿದೆ? ಯಾದಗಿರಿ, ಶಹಾಪುರ, ಸುರಪುರ ಮೂರರ ಹೊರಗೂ ಹೊಸ ಲೇಔಟುಗಳು ಎದ್ದಿದ್ದವು. ಹತ್ತಿ, ತೊಗರಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಲ್ಲು ನೆಟ್ಟು, ಕೆಂಪು ಮಣ್ಣಿನ ರಸ್ತೆ ಹಾಕಿ, ಮುಂದೊಂದು ಕಮಾನು ಕಟ್ಟಿ ದೇವರ ಹೆಸರಿಟ್ಟಿದ್ದರು. ಮಂಡಳಿಯ ಕಾರ್ಯದರ್ಶಿ ಜವಳಿ ಅಂಗಡಿಯವರು, ಹಿರಿಯರು. ನಮ್ಮಿಬ್ಬರನ್ನೂ ಕರೆಸಿದರು.

"ಹುಡುಗ್ಯಾರು ನಡಕೊಂಡ ಹೋಗೋ ದಾರ್ಯಾಗ ಮನಿ ಇರ್ಬೇಕ್ರಿ ಮೇಡಂ," ಎಂದರು. "ಕಲ್ಲು ನೆಟ್ಟ ಪ್ಲಾಟಲ್ಲ, ಮನಿ. ಸಂಜೀಕ ಬಾಗಲದಾಗ ನಾಕು ಮಂದಿ ಕುಂತಿರ್ಬೇಕು. ಮೂರೂ ಊರು ತಿರುಗಿ ನೋಡ್ರಿ. ಯಾವ ಊರಿನ ಹೊರಭಾಗ ಎಷ್ಟು ತುಂಬ್ಯದ, ಬರದು ಕೊಡ್ರಿ. ಎಲ್ಲಿ ತುಂಬ್ಯದ, ಅಲ್ಲಿ ಕಾಲೇಜು."

ಮೊದಲು ಯಾದಗಿರಿ. ಅದನ್ನು ಇಬ್ಬರೂ ಕೂಡಿಯೇ ಮಾಡಿದೆವು. ಚಿತ್ತಾಪುರ ರಸ್ತೆಯ ಕಡೆಯ ಒಂದು ಲೇಔಟಿನಲ್ಲಿ ಮೊದಲ ಜಗಳ ಬಂತು, ಜಗಳವೆಂದರೆ ನಗುತ್ತಲೇ ಆಡಿದ ಜಗಳ. ಒಂದು ಕಡೆ ಎರಡಂತಸ್ತಿನ ಮನೆ, ಹೊಸ ಬಣ್ಣ, ಗೇಟಿಗೆ ಬೀಗ. ಅಂಗಳದಲ್ಲಿ ಮೊಳಕಾಲುದ್ದ ಹುಲ್ಲು. ಅದರ ಎದುರಿಗೆ ತಗಡಿನ ಶೆಡ್ಡು. ಒಳಗಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ನಾನು ಬಂಗಲೆಯನ್ನು ಮನೆಯೆಂದು ಬರೆದೆ, ಶೆಡ್ಡನ್ನು ಬಿಟ್ಟೆ.

"ಮೇಡಂ, ತಪ್ಪು ತಿಳ್ಕೋಬ್ಯಾಡ್ರಿ," ಎಂದರು ಅವರು. "ಒಂದು ಹುಡುಗಿ ಈ ದಾರ್ಯಾಗ ಅಂಜಿ ಒದರಿದ್ರ, ಯಾರು ಹೊರಗ ಬರ್ತಾರ್ರಿ? ಬೀಗ ಬರ್ತದೇನು?"

ನಾನು ನಕ್ಕೆ. ಆ ಮಾತನ್ನೇ ನಿಯಮ ಮಾಡಿಕೊಂಡೆವು. ಒಲೆ ಹೊತ್ತಿದರೆ ಮನೆ. ಬೀಗ ಹಾಕಿದ್ದು, ಬುನಾದಿ ಹಾಕಿ ಬಿಟ್ಟದ್ದು, ಬರೀ ಗೋಡೆ ಎದ್ದದ್ದು ಖಾಲಿ. ನಿಯಮವನ್ನು ನನ್ನ ಕೈಯಲ್ಲೇ, ವರದಿಯ ಮೊದಲ ಹಾಳೆಯ ಮೇಲೆ ಬರೆದೆ. ಅವರು ತಮ್ಮ ನೋಟ್‌ಬುಕ್ಕಿನಲ್ಲಿ ಒಂದೊಂದು ಓಣಿಯ ನಕ್ಷೆ ಬರೆದು, ಒಂದೊಂದು ಮನೆಯ ಎದುರು ಒಂದು ಸಾಲು ಗೀಚುತ್ತಿದ್ದರು. ನೀಲಿ ಬಾಗಿಲು, ಇಬ್ಬರು ಮುದುಕಿಯರು. ಕಿರಾಣಿ ಅಂಗಡಿ, ಹಿಂದೆ ಮನೆ. ಎಮ್ಮೆ ಇದೆ. ಇಷ್ಟೆಲ್ಲ ಯಾಕೆ ಎಂದು ಕೇಳಿದ್ದಕ್ಕೆ, "ನಾಳಿ ಯಾರರೆ ಕೇಳಿದ್ರ ತೋರಸಾಕ ಬೇಕಲ್ರಿ," ಎಂದರು.

ಯಾರೂ ಕೇಳುವುದಿಲ್ಲ ಬಿಡಿ ಎಂದು ನಾನೆಂದೆ. ನನ್ನನ್ನು ಯಾರೂ ಕೇಳುತ್ತಿರಲಿಲ್ಲ, ನಿಜ. ಅವರನ್ನು ಕೇಳುವವರು ಇದ್ದರು. ಹುಟ್ಟಿದಾಗಿನಿಂದ ಕೇಳುತ್ತಲೇ ಬಂದಿದ್ದರು. ಅದು ನನಗೆ ಆವತ್ತು ಹೊಳೆಯಲಿಲ್ಲ.

ಆಮೇಲೆ ಕೆಲಸ ಹಂಚಿಕೊಂಡೆವು. ಶಹಾಪುರ ನನಗೆ, ಸುರಪುರ ಅವರಿಗೆ. ಅವರವರ ಊರು ಅವರವರಿಗೆ ಗೊತ್ತು ಎನ್ನುವ ಲೆಕ್ಕ.

ನಮ್ಮ ಕಡೆಯ ಬೇಸಿಗೆಯನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಹತ್ತು ಗಂಟೆಯಾದರೆ ನಾಯಿಯೂ ನೆರಳು ಬಿಡುವುದಿಲ್ಲ. ನಾನು ಒಂದು ಮುಂಜಾನೆ ಛತ್ರಿ ಹಿಡಿದು ಹೊರಟೆ. ಭೀಮರಾಯನಗುಡಿಯ ಕಡೆಯ ಎರಡು ಲೇಔಟು ತಿರುಗಿದೆ. ಹೊರಗಿನಿಂದ ನೋಡಿದರೆ ಕಮಾನುಗಳ ಸಾಲು. ಒಳಗೆ ಹೋದರೆ ಜಾಲಿ ಕಂಟಿ, ನಡುನಡುವೆ ಒಂದೊಂದು ಮನೆ. ನಮ್ಮೂರು ಇಷ್ಟೊಂದು ಖಾಲಿ ಇದೆಯೆಂದು ನಾನು ತಿಳಿದಿರಲಿಲ್ಲ. ಬಸ್ಸಿನ ಕಿಟಕಿಯಿಂದ ಕಮಾನುಗಳನ್ನಷ್ಟೇ ನೋಡಿದ್ದೆ. ಬೇಸರ ಬಂತು. ತಲೆ ಸಿಡಿಯಿತು. ಮನೆಗೆ ಬಂದು ಮಜ್ಜಿಗೆ ಕುಡಿದು ಮಲಗಿದೆ.

ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಮೊಬೈಲಿನಲ್ಲಿ ಉಪಗ್ರಹದ ಚಿತ್ರ ಬರುತ್ತದಲ್ಲ, ಫ್ಯಾನಿನ ಕೆಳಗೆ ಕುಳಿತು ಅದನ್ನೇ ಹಿಗ್ಗಿಸಿ ಎಣಿಸಿದೆ. ಮೇಲಿನಿಂದ ನೋಡಿದರೆ ಬುನಾದಿಯೂ ಚೌಕ, ಮನೆಯೂ ಚೌಕ. ಅನುಮಾನ ಬಂದಲ್ಲೆಲ್ಲ ಮನೆ ಎಂದೇ ಬರೆದೆ. ಆ ಲೇಔಟುಗಳಲ್ಲೊಂದರಲ್ಲಿ ನಮ್ಮದೂ ಒಂದು ಪ್ಲಾಟಿದೆ. ಬುನಾದಿ ಹಾಕಿ ಬಿಟ್ಟಿದ್ದೆವು. ಅದರ ಮೇಲೆ ಯಾರೋ ಮೆಣಸಿನಕಾಯಿ ಒಣಹಾಕುತ್ತಿದ್ದರು. ಚಿತ್ರದಲ್ಲಿ ಆ ಚೌಕದ ಮೇಲೆ ಬೆರಳು ಇಟ್ಟಾಗ ಅದು ನಮ್ಮದೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಒಲೆ ಇಲ್ಲವೆಂಬುದೂ ಗೊತ್ತಿತ್ತು. ಅದನ್ನೂ ಮನೆಯೆಂದೇ ಬರೆದೆ.

ಯಾಕೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಕಾಲೇಜು ಮನೆಯ ಹತ್ತಿರ ಬಂದರೆ ದಿನಾ ಬಸ್ಸು ಹತ್ತುವುದು ತಪ್ಪುತ್ತದೆ ಎಂಬ ಆಸೆ ಇತ್ತು. ಪ್ಲಾಟಿನ ಪಕ್ಕ ಕಾಲೇಜಾದರೆ ಒಳ್ಳೆಯದೇ ಎಂದೂ ಇತ್ತು. ಇದೆಲ್ಲಕ್ಕಿಂತ ಹೆಚ್ಚಾಗಿ ನಮ್ಮೂರು ಹಿಂದೆ ಬೀಳುವುದು ಬೇಡವಾಗಿತ್ತು. ಸ್ಟಾಫ್ ರೂಮಿನಲ್ಲಿ ಯಾದಗಿರಿಯವರು ನಮಗೆ ಜಿಲ್ಲಾ ಕೇಂದ್ರ, ರೈಲು ಎಂದು ಮೆರೆಯುತ್ತಿದ್ದರು. ಸುರಪುರದ ಮುಂದಾದರೂ ನಾವು ಮೇಲಿರಬೇಕು ಎನ್ನುವ ಸಣ್ಣ ಬುದ್ಧಿ.

ಅವರು ಸುರಪುರದಲ್ಲಿ ಎಂಟು ದಿನ ತಿರುಗಿದರು. ರಂಗಂಪೇಟೆಯ ಆಚೆ, ಗುಡ್ಡದ ಬಂಡೆಗಳ ಸಂದಿಯಲ್ಲಿ ಎದ್ದ ಓಣಿಗಳನ್ನೂ ಬಿಡಲಿಲ್ಲ. ನಿಯಮದಂತೆ ಬೀಗ ಇದ್ದದ್ದನ್ನು ಬಿಟ್ಟರು, ಬುನಾದಿ ಬಿಟ್ಟರು. ಅವರ ಸ್ವಂತ ಅಕ್ಕನ ಮನೆ ಕಟ್ಟಿ ಮುಗಿದು ಗೃಹಪ್ರವೇಶಕ್ಕೆ ಕಾಯುತ್ತಿತ್ತು. ಅದನ್ನೂ ಖಾಲಿ ಎಂದೇ ಬರೆದಿದ್ದರು. ಎರಡೂ ಲೆಕ್ಕವನ್ನು ನಾನು ಒಂದೇ ಹಾಳೆಯ ಮೇಲೆ ಇಳಿಸಿದೆ. ಮೊದಲನೆಯದು ಶಹಾಪುರ, ಎರಡನೆಯದು ಯಾದಗಿರಿ, ಸುರಪುರ ಬಹಳ ಹಿಂದೆ. ಹಾಳೆಯನ್ನು ಅವರಿಗೆ ತೋರಿಸಲಿಲ್ಲ. ಟೈಪ್ ಮಾಡಿಸಲು ಅವಸರವಿತ್ತು ಎಂದೆ.

ಸಭೆಯ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಉದ್ದ ಟೇಬಲ್ಲು, ಅದರ ಸುತ್ತ ಮಂಡಳಿಯ ಏಳೆಂಟು ಜನ, ಸ್ಟೀಲ್ ತಟ್ಟೆಯಲ್ಲಿ ಮಿರ್ಚಿ ಭಜಿ. ಕಾರ್ಯದರ್ಶಿ ನನ್ನ ಹಾಳೆಯನ್ನು ಗಟ್ಟಿಯಾಗಿ ಓದಿ ತಲೆದೂಗಿದರು. ಅಷ್ಟರಲ್ಲಿ ಸುರಪುರದ ಕಡೆಯ ಸದಸ್ಯರೊಬ್ಬರು ಹಾಳೆ ಎಳೆದುಕೊಂಡು ನೋಡಿದರು.

"ಇದೇನ್ರಿ ಇದು?" ಎಂದರು. "ಶಹಾಪುರದಾಗ ಇಷ್ಟ ಮನಿ, ನಮ್ಮ ಕಡೀ ಇಷ್ಟ ಕಡಿಮಿ? ನಾ ದಿನಾ ಅಡ್ಡಾಡ್ತೀನಿ ಅಲ್ಲಿ. ಮಂದಿ ತುಂಬ್ಯಾರ. ಯಾರು ಎಣಸ್ಯಾರ ಇದನ್ನ?"

ನಾನು ಹೇಳಬೇಕಾದದ್ದು ಒಂದೇ ವಾಕ್ಯ. ಸುರಪುರದ ಲೆಕ್ಕ ಸರಿ ಇದೆ, ಶಹಾಪುರದ್ದನ್ನು ಇನ್ನೊಮ್ಮೆ ನೋಡಬೇಕು. ಬಾಯಿಯ ತನಕ ಬಂದಿರಲಿಕ್ಕೂ ಸಾಕು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನನ್ನ ಬಾಯಿಂದ ಬಂದದ್ದು ಬೇರೆ.

"ಸುರಪುರ ನಾ ನೋಡಿಲ್ರಿ," ಎಂದೆ. "ಸರ್ ಮಾಡ್ಯಾರ. ಬಿಸಲು ಬಾಳ ಇತ್ತು. ಎಲ್ಲಾ ಓಣಿ ತಿರುಗ್ಯಾರೋ ಇಲ್ಲೋ, ನನಗ ಹ್ಯಾಂಗ ಗೊತ್ತಾಗಬೇಕ್ರಿ."

ಎಲ್ಲ ಮುಖಗಳೂ ಒಟ್ಟಿಗೇ ಅವರ ಕಡೆ ತಿರುಗಿದವು. ಯಾರೋ ಭಜಿ ಅಗಿಯುತ್ತಲೇ, "ಕೂತಲ್ಲೇ ಎಣಿಸಿರ್ಬೇಕು ಬಿಡ್ರಿ," ಎಂದರು. ಎರಡು ಮೂರು ಜನ ನಕ್ಕರು. ಇನ್ನೊಬ್ಬರು ದನಿ ತಗ್ಗಿಸಿ, ಆದರೆ ಕೇಳುವಷ್ಟೇ ತಗ್ಗಿಸಿ, "ಇವರದು ಹಿಂಗ ನೋಡ್ರಿ, ಕೆಲಸ ಕೊಟ್ರ ಇದೇ ಹಣೇಬಾರ," ಎಂದರು. ಇವರದು ಎಂದರೆ ಯಾರದು ಎಂದು ಯಾರೂ ಕೇಳಲಿಲ್ಲ. ಅವರ ಓಣಿ ಯಾವುದು, ಅವರ ಮನೆಯ ಗೋಡೆಯ ಮೇಲೆ ಶಿವನ ಬದಲು ಬುದ್ಧನ ಫೋಟೋ ಯಾಕಿದೆ, ಆ ಟೇಬಲ್ಲಿನ ಸುತ್ತ ಕುಳಿತವರಿಗೆಲ್ಲ ಗೊತ್ತಿತ್ತು. ನಾನು ಬಜಾರಿನ ಅಂಗಡಿ ಮನೆತನದವಳು, ಕೊರಳಲ್ಲಿ ಲಿಂಗ ಇದ್ದವಳು ಎಂಬುದೂ ಗೊತ್ತಿತ್ತು. ನನ್ನ ಸುಳ್ಳಿಗೆ ನಾನು ಏನೂ ಶ್ರಮ ಪಡಬೇಕಾಗಲಿಲ್ಲ. ಅದನ್ನು ನಂಬಲು ಅವರೆಲ್ಲ ಮೊದಲೇ ತಯಾರಾಗಿ ಕುಳಿತಿದ್ದರು.

ಅವರ ಚೀಲದಲ್ಲಿ ಆ ನೋಟ್‌ಬುಕ್ಕು ಇತ್ತು. ತೆಗೆಯಬಹುದಿತ್ತು. ತೆಗೆಯಲಿಲ್ಲ. ನನ್ನನ್ನು ಒಂದು ಸಲ ನೋಡಿದರು. ಸಿಟ್ಟಿನ ನೋಟವಲ್ಲ. ಪರಿಚಯದ ಓಣಿಗೆ ಬಂದು ಮನೆ ಸಿಗದೆ ನಿಂತವರು ನೋಡುತ್ತಾರಲ್ಲ, ಹಾಗೆ.

"ನಾ ತಿರುಗೀನ್ರಿ," ಎಂದರು. ಅಷ್ಟೇ.

ಮಾತು ಮುಗಿಯಿತು. ಕಾಲೇಜು ಶಹಾಪುರಕ್ಕೆ ಎಂದಾಯಿತು.

ಮರುದಿನ ಮುಂಜಾನೆ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ, ಅವರು ಆ ಬಸ್ಸಿನಲ್ಲಿ ಇರದಿದ್ದರೆ ಸಾಕು ಎಂದುಕೊಳ್ಳುತ್ತಿದ್ದೆ. ಬಸ್ಸು ಬಂತು. ಅವರಿದ್ದರು. ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಿದ್ದರು. ನಾನು ಹತ್ತಿದ ಕೂಡಲೇ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನಾನು ಕುಳಿತೆ. ನಿಂತುಕೊಂಡೇ ಹೋಗುತ್ತೇನೆ ಎನ್ನುವಷ್ಟು ಮಾನವೂ ನನಗೆ ಇರಲಿಲ್ಲ. ಭೀಮಾ ನದಿಯ ಸೇತುವೆ ದಾಟಿದ ಮೇಲೆ ಅವರು ಉತ್ತರ ಪತ್ರಿಕೆಗಳ ವಿಷಯ ತೆಗೆದರು. ನಾನು ಬಹಳ ಉತ್ಸಾಹದಿಂದ ಉತ್ತರ ಕೊಟ್ಟೆ.

ರಜೆ ಮುಗಿದ ಮೇಲೆ ಅವರನ್ನು ಕರೆಯಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ವಡಗೇರಾದ ಒಂದು ಖಾಸಗಿ ಹೈಸ್ಕೂಲಿಗೆ ಸೇರಿದ್ದಾರೆ, ತಾಯಿಯನ್ನು ಕರೆದುಕೊಂಡು ಅಲ್ಲೇ ಬಾಡಿಗೆ ಮನೆ ಹಿಡಿದಿದ್ದಾರೆ ಎಂದು ಪ್ಯೂನ್ ಹೇಳಿದ.

ಶಹಾಪುರದ ಲೇಔಟಿನಲ್ಲಿ ಒಂದು ಹೊಸ ಕಟ್ಟಡ ಬಾಡಿಗೆಗೆ ಹಿಡಿದು ಕಾಲೇಜು ಶುರು ಮಾಡಿದರು. ವಾರಕ್ಕೆ ಮೂರು ದಿನ ನನಗೂ ಅಲ್ಲಿ ಪಾಠ. ಸುತ್ತಲಿನ ಹಳ್ಳಿಗಳಿಂದ ಹುಡುಗಿಯರು ಬಂದರು. ಬಸ್ಸಿಳಿದು ಕಾಲೇಜಿನ ತನಕ ಮಣ್ಣಿನ ರಸ್ತೆ, ಎರಡೂ ಕಡೆ ನಾನು ಮನೆಯೆಂದು ಬರೆದ ಬುನಾದಿಗಳು, ಆಳೆತ್ತರದ ಜಾಲಿ. ಮಳೆಗಾಲ ಬಂದು ಸಂಜೆ ಬೇಗ ಕಪ್ಪಾಗತೊಡಗಿದಾಗ ಹುಡುಗಿಯರು ಕಡೆಯ ತಾಸಿಗೆ ಕೂಡದೆ ಗುಂಪು ಕಟ್ಟಿಕೊಂಡು ಹೋಗತೊಡಗಿದರು. ಯಾಕೆಂದು ಗದರಿದೆ.

"ಆ ದಾರ್ಯಾಗ ಬೈಕಿನ ಮ್ಯಾಲ ಬಂದು ಹಿಂದ ಹಿಂದ ಹೊಂಡ್ತಾರ್ರಿ ಮೇಡಂ," ಎಂದಳು ಒಬ್ಬಳು. "ಕರದ್ರ ಕೇಳಾಕ ಒಂದು ಮನಿ ಇಲ್ರಿ."

ಹಾಗೆಂದವಳು ಶಿರವಾಳದ ಹುಡುಗಿ. ನಕ್ಷೆ ಬಿಡಿಸುವುದರಲ್ಲಿ ಅವಳಷ್ಟು ಚುರುಕಾದವರು ಆ ತರಗತಿಯಲ್ಲಿ ಇರಲಿಲ್ಲ. ಒಂದು ತಿಂಗಳೊಳಗೆ ಅವಳು ಬರುವುದು ನಿಂತಿತು. ಫೋನ್ ಮಾಡಿದರೆ ಅವಳಪ್ಪ ಎತ್ತಿದರು. "ಸಾಲಿ ಚಲೋ ಅದರ್ರಿ, ದಾರಿ ಚಲೋ ಇಲ್ಲ," ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ. ಹವೆಯ ವಿಷಯ ಹೇಳುವಂತೆ ಹೇಳಿ ಫೋನ್ ಇಟ್ಟರು.

ಅದಾದ ಮೊದಲ ಭಾನುವಾರ ವಡಗೇರಾಕ್ಕೆ, ಸರ್ ಮನೆಗೆ ಹೋದೆ. ಮನೆಯಲ್ಲಿ ಯಾರದೋ ಮದುವೆ ಮಾತುಕತೆ ಎಂದು ಸುಳ್ಳು ಹೇಳಿ ಹೊರಟೆ. ಅವರ ಮನೆ ಬಸ್ ಸ್ಟ್ಯಾಂಡಿಗೆ ಹತ್ತಿರವೇ, ಒಂದು ಕೋಣೆ, ಮುಂದೆ ಪರ್ಸಿ ಕಲ್ಲಿನ ಕಟ್ಟೆ. ಅವರ ತಾಯಿ ಕಟ್ಟೆಯ ಮೇಲೆ ಕುಳಿತು ಪುಂಡಿಪಲ್ಲೆಯ ಸೊಪ್ಪು ಬಿಡಿಸುತ್ತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ನಿಂತರು.

"ಬರ್ರಿ ಅಕ್ಕೋರ, ಬರ್ರಿ. ನಿಮ್ಮ ಸುದ್ದಿ ಹೇಳ್ತಿರ್ತಾನ," ಎಂದರು. ಕುರ್ಚಿಯನ್ನು ಸೆರಗಿನಿಂದ ಒರೆಸಿ ಹಾಕಿದರು. ಚಹಾ ಮಾಡಲು ಒಳಗೆ ಹೋಗುವ ಮುಂಚೆ ಒಂದು ಗಳಿಗೆ ತಡೆದು, "ನಮ್ಮ ಮನ್ಯಾಗ ಚಾ ಕುಡೀತೀರಲ್ರಿ?" ಎಂದು ಕೇಳಿದರು. ಕುಡಿಯುತ್ತೇನೆ ಎಂದೆ. ಅಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕುಳಿತು ಬಂದವಳು, ಒಂದು ದಿನವೂ ಅವರ ಡಬ್ಬಿಯ ರೊಟ್ಟಿಗೆ ಕೈ ಹಾಕಿರಲಿಲ್ಲ ಎಂಬುದು ಆಗ ನೆನಪಾಯಿತು. ಅವರೂ ಎಂದೂ ಮುಂದೆ ಹಿಡಿದಿರಲಿಲ್ಲ.

ಒಳಗಿದ್ದ ಸರ್ ಹೊರಬಂದು ಕಟ್ಟೆಯ ಮೇಲೆ ಕುಳಿತರು. ಅವರಿಗೆ ಎಲ್ಲವನ್ನೂ ಹೇಳಿದೆ. ಫ್ಯಾನಿನ ಕೆಳಗೆ ಕುಳಿತದ್ದು, ಮೊಬೈಲು, ನಮ್ಮ ಪ್ಲಾಟು. ಕೂತಲ್ಲೇ ಎಣಿಸಿದವಳು ನಾನು ಎಂದೆ. ಅವರಿಗೆ ಆಶ್ಚರ್ಯ ಆಗಲಿಲ್ಲ.

"ಗೊತ್ತಿತ್ರಿ," ಎಂದರು. "ಸಭಾ ಆಗೋದಕ್ಕಿಂತ ಮೊದಲ ಒಂದಿನ ಶಹಾಪುರದಾಗ ಇಳದು ನಿಮ್ಮ ಲೇಔಟ್ ನೋಡಿ ಬಂದಿದ್ದೆ. ಎರಡೂ ಊರು ನೋಡಿದ್ರ ವರದಿಗಿ ಚಲೋ ಅಂತ. ಖಾಲಿ ಇತ್ತಲ್ರಿ ಎಲ್ಲಾ. ಆ ಹಾಳಿ ಓದಿದಾಗ ತಿಳೀತು."

"ಮತ್ತ ಯಾಕ ಹೇಳಲಿಲ್ರಿ ಅವತ್ತ? ನೋಟ್‌ಬುಕ್ ಚೀಲದಾಗ ಇತ್ತಲ್ರಿ?"



"ನಿಮ್ಮ ಮಾತು ಸುಳ್ಳು ಅಂತ ನಾ ಹೇಳಿದ್ರ, ಅಲ್ಲಿ ನಂಬೋರು ಯಾರಿದ್ರು ಮೇಡಂ?" ಎಂದರು. "ನೋಟ್‌ಬುಕ್ ತೆಗದಿದ್ರ, ಅದನ್ನೂ ಕೂತಲ್ಲೇ ಬರದಾನ ಅಂತಿದ್ರು."

ಏನು ಮಾಡಲಿ ಹೇಳಿರಿ ಎಂದೆ. ಕ್ಷಮಿಸುತ್ತೇನೆ ಎನ್ನಲಿ ಎಂದು ಕಾಯುತ್ತಿದ್ದೆ ಎಂದು ಕಾಣುತ್ತದೆ. ಅವರು ಹಾಗೆ ಅನ್ನಲಿಲ್ಲ. "ನನಗ ಹೇಳಿ ಏನಾಗ್ಬೇಕ್ರಿ? ಅವರಿಗಿ ಬರದು ಕೊಡ್ರಿ," ಎಂದರು. ತಾಯಿ ಚಹಾ ತಂದರು. ಬಹಳ ಸಿಹಿ ಇತ್ತು. ಪೂರ್ತಿ ಕುಡಿದೆ.

ಬರೆದು ಕೊಡಲು ನನಗೆ ಮೂರು ವಾರ ಬೇಕಾಯಿತು. ಒಂದು ಪುಟದ ಪತ್ರ ಅದು. ಮೊದಲ ಸಲ ಬರೆದಾಗ ಬಿಸಿಲಿನ ವಿಷಯವೇ ಅರ್ಧ ಪುಟ ಇತ್ತು, ಹರಿದೆ. ಎರಡನೆಯ ಸಲ "ಕಣ್ತಪ್ಪಿನಿಂದ" ಎಂಬ ಮಾತು ನುಸುಳಿತು, ಹರಿದೆ. ಕಡೆಗೆ ನಾನು ಮಾಡಿದ್ದನ್ನು ಮಾಡಿದಂತೆ ಬರೆದು, ಸುರಪುರದ ಲೆಕ್ಕ ಅಕ್ಷರಶಃ ಸರಿ ಇತ್ತೆಂದೂ ಅವರನ್ನು ಮತ್ತೆ ಕರೆಯಬೇಕೆಂದೂ ಬರೆದು, ಜವಳಿ ಅಂಗಡಿಗೇ ಹೋಗಿ ಕಾರ್ಯದರ್ಶಿಯವರ ಕೈಗೆ ಕೊಟ್ಟೆ. ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಕೆಲಸ ಹೋಗಬಹುದು ಎಂದೂ ಅಂದುಕೊಂಡಿದ್ದೆ.

ಅವರು ಕನ್ನಡಕ ಏರಿಸಿ ಓದಿದರು. ಓದಿ, ನಕ್ಕರು.

"ಏ ಬಿಡ್ರಿ ಮೇಡಂ," ಎಂದರು. "ತಮ್ಮ ಊರಿನ ಮ್ಯಾಲ ಯಾರಿಗಿ ಪ್ರೀತಿ ಇರಲ್ಲ? ನಾ ಇದ್ರೂ ಹಂಗ ಮಾಡ್ತಿದ್ದೆ. ನೀವಾಗೇ ಬಂದು ಹೇಳಿದ್ರಿ, ಅದು ದೊಡ್ಡ ಮನಸು. ಚಾ ತರಸ್ಲೇನು?"

ಸುರಪುರದ ಸರ್ ವಿಷಯ ಏನು ಮಾಡುತ್ತೀರಿ ಎಂದು ಕೇಳಿದೆ. "ಅಲ್ಲೇ ಚಲೋ ಸೆಟ್ ಆಗ್ಯಾರಲ್ರಿ, ಇರ್ಲಿ," ಎಂದು ಪತ್ರವನ್ನು ಮಡಿಚಿ ಗಲ್ಲಾದ ಪೆಟ್ಟಿಗೆಯ ಕೆಳಗೆ ಸರಿಸಿದರು. ಇನ್ನೊಂದು ಮಾತು ಒತ್ತಿ ಕೇಳಬೇಕಾಗಿತ್ತು. ಗಿರಾಕಿಗಳು ಬಂದರು. ನಾನು ಎದ್ದೆ.

ಸರ್ ಮಾಡದ ತಪ್ಪು ಅವರಲ್ಲಿ ಸೋಮಾರಿತನ ಆಗಿತ್ತು. ನಾನು ಮಾಡಿದ ತಪ್ಪು ನನ್ನಲ್ಲಿ ಊರ ಮೇಲಿನ ಪ್ರೀತಿ ಆಯಿತು. ಬೈದಿದ್ದರೆ ಹಗುರಾಗುತ್ತಿದ್ದೆನೋ ಏನೋ. ಆ ನಗುವನ್ನು ಎಲ್ಲಿ ಇಳಿಸಬೇಕು ತಿಳಿಯದೆ ಹೊತ್ತುಕೊಂಡು ಬಂದೆ. ಆ ಸಂಜೆ ಸರ್‌ಗೆ ಫೋನ್ ಮಾಡಿ, ಪತ್ರ ಕೊಟ್ಟೆ ಎಂದೆ.

"ಏನಂದ್ರು?"

"ನಕ್ರು," ಎಂದೆ.

"ಹೌದ್ರಿ?" ಎಂದರು ಅವರು.

ಮಂಡಳಿಯವರು ಆ ದಾರಿಯ ಜಾಲಿ ಕಡಿಸಿದರು. ಎರಡು ದೀಪದ ಕಂಬ ಬಂದವು, ಒಬ್ಬ ವಾಚ್‌ಮನ್ ಬಂದ. ಹುಡುಗಿಯರು ಈಗ ಕಡೆಯ ತಾಸಿಗೂ ಕೂಡುತ್ತಾರೆ. ಶಿರವಾಳದ ಹುಡುಗಿ ತಿರುಗಿ ಬರಲಿಲ್ಲ. ಎರಡು ಸಲ ಅವಳ ಮನೆಗೆ ಹೋಗಿ ಬಂದೆ, ಎರಡನೆಯ ಸಲಕ್ಕೆ ಮದುವೆ ಗೊತ್ತಾಗಿತ್ತು.

ಹೋದ ವರ್ಷ ಯಾದಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಸರ್ ಸಿಕ್ಕರು. ಜೊತೆಗೆ ಹೆಂಡತಿ ಇದ್ದರು. ಹೊಸದಾಗಿ ಮದುವೆಯಾಗಿತ್ತು, ನನಗೆ ಕರೆ ಬಂದಿರಲಿಲ್ಲ. ತಪ್ಪಿಸಿಕೊಂಡು ಹೋಗೋಣ ಎಂದು ಕಂಬದ ಮರೆಗೆ ಸರಿದೆ. ಅಷ್ಟರಲ್ಲಿ ಅವರೇ ನೋಡಿ ಬಂದರು. ನಮಸ್ಕಾರ ಮಾಡಿದರು, ಆರೋಗ್ಯ ಕೇಳಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ನಾ ಹೇಳಿದ್ನಲ್ಲ, ಅವ್ರ ಇವ್ರು," ಎಂದರು.

ಆ ಹೆಣ್ಣುಮಗಳು ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಕೈ ಮುಗಿದಳು. ಏನು ಹೇಳಿದ್ದರೋ ನನಗೆ ಗೊತ್ತಿಲ್ಲ. ಪಾಠ ಮಾಡುವ ಮೇಡಂ ಎಂದೋ, ಯಾರಿಗಾಗಿ ಸೀಟು ಹಿಡಿಯುತ್ತಿದ್ದರೋ ಆ ಮೇಡಂ ಎಂದೋ, ಇಲ್ಲ ಆ ಸಭೆಯ ಸಂಗತಿಯನ್ನೋ. ಯಾವುದಿದ್ದರೂ ನಿಜವೇ. ನಾನೂ ಕೈ ಮುಗಿದೆ, ಅವಳ ಮುಖ ನೋಡದೆ, ಅವಳ ಕೈಬಳೆಗಳನ್ನು ನೋಡುತ್ತಾ. ಅವರ ಬಸ್ಸು ಬಂತು. ಅವಳು ಮೊದಲು ಹತ್ತಿದಳು, ಅವರು ಚೀಲ ಹಿಡಿದು ಹಿಂದೆ ಹತ್ತಿದರು.